ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡಿಗೆ ಡ್ರೈವರ್ ಕೂರುತ್ತಿಲ್ಲ, ಮದುವೆ ವಿಡಿಯೋ ಅರ್ಧಕ್ಕೆ ನಿಂತಿದೆ – ಮಂಡ್ಯ

ಮಂಡ್ಯ ಎಡಿಟರ್ | ಶುಕ್ರವಾರ, ರಾತ್ರಿ 10.15

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದ ಗುತ್ತಲು ರಸ್ತೆ ಕಡೆಯವನು. ಮನೆಯಲ್ಲೇ ಕೂತು ಮದುವೆ, ನಾಮಕರಣದ ವಿಡಿಯೋ ಎಡಿಟ್ ಮಾಡುತ್ತೇನೆ. ಮೂರು ದಿನದಿಂದ ಒಂದು ಗ್ರಾಫಿಕ್ಸ್ ಕಾರ್ಡಿನ ಜೊತೆ ಒದ್ದಾಡುತ್ತಿದ್ದೇನೆ. ಯಾರಾದರೂ ದಾರಿ ತೋರಿಸಿ.

ನನ್ನ ಕಂಪ್ಯೂಟರ್ ಹೀಗಿದೆ. ಇಂಟೆಲ್ ಐ5 6500, ಎಚ್110 ಬೋರ್ಡ್, 8 ಜಿಬಿ ರ‍್ಯಾಮ್, 450 ವ್ಯಾಟ್ ಎಸ್‌ಎಂಪಿಎಸ್, ವಿಂಡೋಸ್ 10 64 ಬಿಟ್. ಇಷ್ಟು ದಿನ ಪ್ರೊಸೆಸರ್ ಒಳಗೇ ಇರುವ ಗ್ರಾಫಿಕ್ಸಿನಲ್ಲಿ ಕೆಲಸ ಸಾಗುತ್ತಿತ್ತು. ಈಗ ಎಲ್ಲರೂ 4ಕೆ ಶೂಟ್ ಮಾಡಿ ತಂದುಕೊಡುತ್ತಾರೆ. ಟೈಮ್‌ಲೈನ್ ಎಳೆದರೆ ಚಿತ್ರ ತಡೆದು ತಡೆದು ಬರುತ್ತದೆ. ಅದಕ್ಕೇ ಮೈಸೂರಿನ ಒಂದು ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1050 ಟಿಐ 4 ಜಿಬಿ ಕಾರ್ಡ್ ತೆಗೆದುಕೊಂಡೆ. 4,500 ರೂಪಾಯಿ ಕೊಟ್ಟೆ.

ಕಾರ್ಡ್ ಸ್ಲಾಟಿನಲ್ಲಿ ಕೂತಿದೆ. 6 ಪಿನ್ ವೈರ್ ಕೊಟ್ಟಿದ್ದೇನೆ. ಫ್ಯಾನ್ ತಿರುಗುತ್ತದೆ. ಮಾನಿಟರ್ ಹಳೇ 18.5 ಇಂಚಿನದು, ಅದರ ವಿಜಿಎ ಕೇಬಲನ್ನು ಸೀದಾ ಕಾರ್ಡಿಗೇ ಹಾಕಿದ್ದೇನೆ. ಚಿತ್ರವೇನೋ ಬರುತ್ತದೆ, ಆದರೆ ಅಕ್ಷರ ಎಲ್ಲ ದಪ್ಪ ದಪ್ಪ. ರೆಸಲ್ಯೂಶನ್ 1024×768ಕ್ಕೇ ನಿಂತಿದೆ. ಡಿವೈಸ್ ಮ್ಯಾನೇಜರಿನಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಷ್ಟೇ ಇದೆ. ಈ ಕಾರ್ಡಿನ ಚಿಪ್ ಮಾಡುವ ಎನ್‌ವಿಡಿಯಾ ಕಂಪನಿಯ ಸೈಟಿನಿಂದ ಡ್ರೈವರ್, ಅಂದರೆ ವಿಂಡೋಸಿನಲ್ಲಿ ಕಾರ್ಡನ್ನು ನಡೆಸುವ ಪ್ರೋಗ್ರಾಂ, ಇಳಿಸಿ ಹಾಕಿದರೆ, ಹೊಂದುವ ಗ್ರಾಫಿಕ್ಸ್ ಹಾರ್ಡ್‌ವೇರ್ ಸಿಗಲಿಲ್ಲ ಎಂದು ಹೇಳಿ ನಿಲ್ಲುತ್ತದೆ.

ಅಂಗಡಿಯವರಿಗೆ ಫೋನ್ ಮಾಡಿದೆ. ಕಾರ್ಡ್ ಚೆನ್ನಾಗಿದೆ, ನಿಮ್ಮ ವಿಂಡೋಸ್ ಕೆಟ್ಟಿದೆ, ಫಾರ್ಮ್ಯಾಟ್ ಮಾಡಿ ಎಂದರು. ಬುಧವಾರ ಫಾರ್ಮ್ಯಾಟ್ ಕೂಡ ಮಾಡಿದೆ. ಫೂಟೇಜ್ ಎಲ್ಲ ಬೇರೆ ಹಾರ್ಡ್ ಡಿಸ್ಕಿನಲ್ಲಿ ಇದ್ದುದರಿಂದ ಉಳಿಯಿತು. ಫಲಿತಾಂಶ ಮಾತ್ರ ಅದೇ. ಮುಂದಿನ ಭಾನುವಾರ ಹೆಣ್ಣಿನ ಮನೆಯವರಿಗೆ ವಿಡಿಯೋ ಕೊಡಬೇಕು. ನಿಜವಾಗಿಯೂ ಕೈ ಆಡುತ್ತಿಲ್ಲ.

ಪಾಂಡವಪುರದ ಗೇಮರ್ | ಶುಕ್ರವಾರ, ರಾತ್ರಿ 10.50

ಗಾಬರಿಯಾಗಬೇಡಿ. ಮೊದಲು ಯಾವ ಡ್ರೈವರ್ ಇಳಿಸಿದ್ದೀರಿ ಎಂದು ನೋಡಿ. 1050 ಟಿಐ ಪ್ಯಾಸ್ಕಲ್ ಪೀಳಿಗೆಯದು, 2016ರ ಕಾರ್ಡ್. ಇದಕ್ಕೆ 580 ಸಾಲಿನ ಡ್ರೈವರೇ ಕೊನೆ. 2025ರ ಅಕ್ಟೋಬರ್ ಆದಮೇಲೆ ಪ್ಯಾಸ್ಕಲ್‌ಗೆ ಹೊಸ ಗೇಮ್ ರೆಡಿ ಡ್ರೈವರ್ ಬರುವುದಿಲ್ಲ, ಭದ್ರತೆಯ ಅಪ್‌ಡೇಟ್ ಮಾತ್ರ 2028ರ ಅಕ್ಟೋಬರ್‌ವರೆಗೆ ಇದೆ. ನೀವು ಸೈಟಿನಲ್ಲಿ ಎಲ್ಲಕ್ಕಿಂತ ಹೊಸದು ಎಂದು ಸಿಕ್ಕಿದ್ದನ್ನು ಇಳಿಸಿದ್ದರೆ ಅದು ಕೂರುವುದಿಲ್ಲ. ಕಾರ್ಡಿನ ಹೆಸರು ಆರಿಸಿ, 580 ಸಾಲಿನದನ್ನೇ ತೆಗೆದುಕೊಳ್ಳಿ. ಹೆಸರಿನ ಕೊನೆಯಲ್ಲಿ ನೋಟ್‌ಬುಕ್ ಎಂದು ಇರುವುದು ಲ್ಯಾಪ್‌ಟಾಪಿನದು, ಅದು ಬೇಡ.

ಹಾಕುವ ಮೊದಲು ಹಳೆಯದನ್ನು ಬುಡಸಮೇತ ತೆಗೆಯಿರಿ. ಅದಕ್ಕೆ ಡಿಡಿಯು, ಅಂದರೆ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಇದೆ. ಸೇಫ್ ಮೋಡಿಗೆ ಹೋಗಿ ಓಡಿಸಬೇಕು. ಆ ಹೊತ್ತಿಗೆ ಇಂಟರ್ನೆಟ್ ಕಿತ್ತಿಡಿ. ಇಲ್ಲದಿದ್ದರೆ ನೀವು ತೆಗೆದು ಮುಗಿಸುವಷ್ಟರಲ್ಲಿ ವಿಂಡೋಸ್ ಅಪ್‌ಡೇಟ್ ತನಗೆ ಗೊತ್ತಿರುವ ಡ್ರೈವರನ್ನು ತಂದು ಹಾಕಿಬಿಡುತ್ತದೆ. ಆಮೇಲೆ ಡ್ರೈವರ್ ಹಾಕುವಾಗ ಕಸ್ಟಮ್ ಆರಿಸಿ, ಕ್ಲೀನ್ ಇನ್‌ಸ್ಟಾಲ್ ಟಿಕ್ ಮಾಡಿ. ಹತ್ತರಲ್ಲಿ ಎಂಟು ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಕುವೆಂಪುನಗರ ವೈರಿಂಗ್ | ಶನಿವಾರ, ಬೆಳಿಗ್ಗೆ 7.20

ಸಾಫ್ಟ್‌ವೇರ್ ಮುಟ್ಟುವ ಮುಂಚೆ ಕ್ಯಾಬಿನೆಟ್ ತೆಗೆದು ಒಂದು ಸಲ ಕಣ್ಣಾಡಿಸಿ. ಕರೆಂಟ್ ಕಿತ್ತು, ಪವರ್ ಬಟನ್ ಎರಡು ಸಲ ಒತ್ತಿ, ಆಮೇಲೆ ಕೈ ಹಾಕಿ. ಸ್ಲಾಟಿನ ತುದಿಯಲ್ಲಿ ಒಂದು ಪುಟ್ಟ ಕ್ಲಿಪ್ ಇರುತ್ತದೆ. ಕಾರ್ಡ್ ಪೂರ್ತಿ ಕೂತಾಗ ಅದು ಟಕ್ ಎಂದು ಸದ್ದು ಮಾಡಿ ಮೇಲಕ್ಕೆ ಏಳುತ್ತದೆ. ಆ ಸದ್ದು ಬರಲಿಲ್ಲ ಎಂದರೆ ಕಾರ್ಡ್ ಒಂದು ಎಳೆಯಷ್ಟು ಮೇಲೇ ನಿಂತಿದೆ ಎಂದರ್ಥ. ಚಿತ್ರ ಬರುತ್ತದೆ, ಆದರೆ ಏನೇನೋ ತೊಂದರೆ ಕೊಡುತ್ತದೆ.

ನಿಮ್ಮ ಕಡೆ ಆಲೆಮನೆ ಹತ್ತಿರ ಇದೆಯಾ? ಕೇಳುತ್ತಿರುವುದಕ್ಕೆ ಕಾರಣ ಇದೆ. ಕಬ್ಬು ಅರೆಯುವ ಕಾಲದಲ್ಲಿ ಆ ಬೂದಿ ಕಿಟಕಿಯಿಂದ ಬಂದು ಕ್ಯಾಬಿನೆಟ್ ಒಳಗೆ ಸೇರುತ್ತದೆ. ನನ್ನ ಭಾವನ ಮನೆ ಮಂಡ್ಯದ ಹತ್ತಿರದ ಹಳ್ಳಿಯಲ್ಲಿದೆ. ಅವರ ಸಿಸ್ಟಮ್ ತೆಗೆದಾಗ ಸ್ಲಾಟಿನ ಒಳಗೆ ಕಪ್ಪಗೆ, ಎಣ್ಣೆ ಎಣ್ಣೆಯಾಗಿ ಕೂತಿತ್ತು. ಸುಮ್ನೆ ಊದಿದರೆ ಹೋಗುವುದಿಲ್ಲ. ಮೆತ್ತಗಿನ ಬ್ರಷ್ ತೆಗೆದುಕೊಳ್ಳಿ. ಕಾರ್ಡಿನ ಚಿನ್ನದ ಬಣ್ಣದ ಹಲ್ಲುಗಳನ್ನು ಮಕ್ಕಳ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಹಾಕಿ.

ಮಂಡ್ಯ ಎಡಿಟರ್ | ಶನಿವಾರ, ಮಧ್ಯಾಹ್ನ 2.05

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹೇಳಿದ್ದನ್ನೆಲ್ಲ ಮಾಡಿದೆ. ಆಲೆಮನೆ ಇದೆ, ಬೂದಿಯೂ ಇತ್ತು. ರಬ್ಬರ್ ಹಾಕಿ ಉಜ್ಜಿದೆ. ಕ್ಲಿಪ್ ಟಕ್ ಎಂದಿತು. ಡಿಡಿಯು ಸೇಫ್ ಮೋಡಿನಲ್ಲಿ ಓಡಿಸಿದೆ. 580 ಸಾಲಿನ ಡ್ರೈವರನ್ನು 1050 ಟಿಐ ಎಂದೇ ಆರಿಸಿ ಇಳಿಸಿದೆ. ನನ್ನ ಇಂಟರ್ನೆಟ್ ಮೊಬೈಲ್ ಹಾಟ್‌ಸ್ಪಾಟಿನದು, ಡೇಟಾ ಉಳಿಸಲು ಮೀಟರ್ಡ್ ಎಂದು ಹಾಕಿಟ್ಟಿದ್ದೇನೆ. ಫೈಲ್ ಇಳಿಯುವುದಕ್ಕೇ ಒಂದು ಗಂಟೆ ಹಿಡಿಯಿತು.

ಓಡಿಸಿದರೆ ಮತ್ತೆ ಅದೇ ಮಾತು. ಹೊಂದುವ ಹಾರ್ಡ್‌ವೇರ್ ಸಿಗಲಿಲ್ಲ.

ಮತ್ತೆ ಅಂಗಡಿಗೆ ಫೋನ್ ಮಾಡಿದೆ. ಕಂಪನಿ ಡ್ರೈವರ್ ಬೇಡ, ನಾವೇ ಒಂದು ಕಳಿಸುತ್ತೇವೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಕಳಿಸಿದ್ದಾರೆ. ವಿಂಡೋಸ್ ಸ್ಟಾರ್ಟಪ್ ಸೆಟ್ಟಿಂಗ್ಸ್‌ಗೆ ಹೋಗಿ ಎಫ್7 ಒತ್ತಿ, ಆಮೇಲೆ ಇದನ್ನು ಹಾಕಬೇಕಂತೆ. ಈಗ ಅದನ್ನೇ ಇಳಿಸುತ್ತಿದ್ದೇನೆ.

ಮಂಡ್ಯ ಎಡಿಟರ್ | ಶನಿವಾರ, ಸಂಜೆ 6.40

ಆಯಿತು! ಕೂತಿತು! ಡಿವೈಸ್ ಮ್ಯಾನೇಜರಿನಲ್ಲಿ ಈಗ ಜಿಫೋರ್ಸ್ ಜಿಟಿಎಕ್ಸ್ 1050 ಟಿಐ ಎಂದು ಹೆಸರು ಬಂದಿದೆ. ಮಾನಿಟರ್ ತನ್ನ 1366×768ಕ್ಕೆ ಬಂತು. ಕಣ್ಣಿಗೆ ಹಾಯೆನಿಸಿತು. ರಾತ್ರಿಯೆಲ್ಲ ಕೂತು ಕೆಲಸ ಮುಗಿಸುತ್ತೇನೆ. ಎಲ್ಲರಿಗೂ ಕೃತಜ್ಞತೆ.

ಪಾಂಡವಪುರದ ಗೇಮರ್ | ಶನಿವಾರ, ಸಂಜೆ 7.00

ಖುಷಿಯಾಯಿತು. ಆದರೂ ಕಂಪನಿಯ ಡ್ರೈವರ್ ಕೂರದೆ ಅಂಗಡಿಯ ಡ್ರೈವರ್ ಕೂತಿದ್ದು ಯಾಕೆ ಎಂದು ನನಗೆ ಸಮಾಧಾನ ಆಗುತ್ತಿಲ್ಲ. ಕೆಲಸ ಮಾಡುವಾಗ ಆಗಾಗ ಸೇವ್ ಮಾಡಿಕೊಳ್ಳುತ್ತಿರಿ.

ಮಂಡ್ಯ ಎಡಿಟರ್ | ಭಾನುವಾರ, ಬೆಳಿಗ್ಗೆ 8.30

ಸಂತೋಷ ಒಂದು ರಾತ್ರಿಯೂ ಉಳಿಯಲಿಲ್ಲ.

ಏನಾಯಿತು ಎಂದು ಬಿಡಿಸಿ ಹೇಳುತ್ತೇನೆ. ಸಣ್ಣ ಕ್ಲಿಪ್ ಎಲ್ಲ ಚೆನ್ನಾಗಿ ಓಡಿದವು. ಹನ್ನೊಂದು ಗಂಟೆ ಹೊತ್ತಿಗೆ ಧಾರೆಯ ಭಾಗ ತೆರೆದೆ. ಅಲ್ಲಿ ಎರಡು ಕ್ಯಾಮೆರಾದ 4ಕೆ ಫೂಟೇಜ್ ಒಂದರ ಮೇಲೊಂದು ಇದೆ. ಅಂತರಪಟ ಸರಿಸುವ ಶಾಟಿಗೆ ಬಂದಾಗ ಪರದೆಯ ಎಡಗಡೆಯಿಂದ ಹಸಿರು ಚೌಕಗಳು ಶುರುವಾದವು. ಮೊದಲು ಪುರೋಹಿತರ ಶಲ್ಯದ ಮೇಲೆ ನಾಲ್ಕೈದು, ಆಮೇಲೆ ಹುಡುಗಿಯ ಮುಖದವರೆಗೂ. ಎರಡು ಸೆಕೆಂಡಿನಲ್ಲಿ ಪೂರ್ತಿ ಕಪ್ಪು. ಹಿಂದೆ ಯಾರೋ ಇಲ್ಲೇ ಬರೆದಿದ್ದ ಹಾಗೆ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ಒಟ್ಟಿಗೆ ಒತ್ತಿ ಗ್ರಾಫಿಕ್ಸನ್ನು ರೀಸೆಟ್ ಮಾಡಿ ನೋಡಿದೆ. ಬೀಪ್ ಬಂತು, ಚಿತ್ರ ಬರಲಿಲ್ಲ.

ರೀಸ್ಟಾರ್ಟ್ ಮಾಡಿದೆ. ಈಗ ಹಳದಿ ತ್ರಿಕೋನ, ಕೋಡ್ 52. ಮತ್ತೆ ಅಕ್ಷರ ದಪ್ಪ ದಪ್ಪ. ಮತ್ತೆ ಎಫ್7 ಒತ್ತಿದರೆ ಬರುತ್ತದೆ, ಅದೇ ಶಾಟಿನಲ್ಲಿ ಮತ್ತೆ ಹೋಗುತ್ತದೆ. ಮೂರು ಸಲ ನೋಡಿದೆ. ಮೂರು ಸಲವೂ ಅದೇ ಜಾಗ.

ರಿಪೇರಿ ಮೇಷ್ಟ್ರು, ಸರಸ್ವತಿಪುರಂ | ಭಾನುವಾರ, ಬೆಳಿಗ್ಗೆ 9.45

ನಾನು ಮೂವತ್ತು ವರ್ಷ ಎಲೆಕ್ಟ್ರಾನಿಕ್ಸ್ ಪಾಠ ಮಾಡಿದವನು. ಈಗ ನಿವೃತ್ತ. ನಿಮ್ಮ ಮೊದಲ ಪೋಸ್ಟನ್ನು ಇವತ್ತು ಎರಡು ಸಲ ಓದಿದೆ. ಉತ್ತರ ಅದರಲ್ಲೇ ಇದೆ ಎಂದು ನನಗೆ ಅನಿಸುತ್ತಿದೆ. ಬೇಸರ ಮಾಡಿಕೊಳ್ಳದೆ ಕೇಳಿ.

ನೀವು ವಿಜಿಎ ಕೇಬಲನ್ನು ಸೀದಾ ಕಾರ್ಡಿಗೆ ಹಾಕಿದ್ದೇನೆ ಎಂದಿರಿ. 1050 ಟಿಐ ಕಾರ್ಡಿನಲ್ಲಿ ವಿಜಿಎ ಇರುವುದಿಲ್ಲ. ಪ್ಯಾಸ್ಕಲ್ ಪೀಳಿಗೆಯಿಂದ ಎನ್‌ವಿಡಿಯಾ ವಿಜಿಎಗೆ ಬೇಕಾದ ಅನಲಾಗ್ ಔಟ್‌ಪುಟ್ಟನ್ನೇ ಚಿಪ್ಪಿನಿಂದ ತೆಗೆದುಹಾಕಿತು. ಆ ಕಾರ್ಡುಗಳಲ್ಲಿ ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್, ಮತ್ತೆ ಡಿವಿಐ ಇದ್ದರೂ ಡಿಜಿಟಲ್ ಆದ ಡಿವಿಐ-ಡಿ ಮಾತ್ರ. ಮೂರು ಸಾಲಿನಲ್ಲಿ ಹದಿನೈದು ತೂತಿರುವ ನೀಲಿ ವಿಜಿಎ ಕಿಂಡಿ ನಿಮ್ಮ ಕಾರ್ಡಿನ ಹಿಂದೆ ಇದ್ದರೆ, ಅದರೊಳಗೆ ಇರುವ ಚಿಪ್ ಪ್ಯಾಸ್ಕಲ್ ಅಲ್ಲ. ಸ್ಟಿಕ್ಕರ್ ಏನೇ ಹೇಳಲಿ.

ಎರಡನೆಯದು 6 ಪಿನ್ ವೈರ್. 1050 ಟಿಐ 75 ವ್ಯಾಟಿನ ಕಾರ್ಡ್. ಅಷ್ಟನ್ನು ಸ್ಲಾಟೇ ಕೊಡಬಲ್ಲದು. ಕೆಲವು ಕಂಪನಿಗಳು 6 ಪಿನ್ ಕೊಟ್ಟಿದ್ದುಂಟು, ಹಾಗಾಗಿ ಇದೊಂದೇ ಸಾಕ್ಷಿಯಲ್ಲ. ಆದರೆ ವಿಜಿಎ ಜೊತೆ ಸೇರಿಸಿ ನೋಡಿದಾಗ ಅನುಮಾನ ಗಟ್ಟಿಯಾಗುತ್ತದೆ.

ಮೂರನೆಯದು ಕೋಡ್ 52. ಡ್ರೈವರ್ ಎನ್ನುವುದು ವಿಂಡೋಸಿನ ತೀರಾ ಒಳಮನೆಯಲ್ಲಿ ಓಡುವ ಪ್ರೋಗ್ರಾಂ. ಅಡುಗೆಮನೆಗೆ ಯಾರನ್ನೂ ಸುಮ್ನೆ ಬಿಡುವುದಿಲ್ಲ ಅಲ್ವಾ, ಹಾಗೆ 64 ಬಿಟ್ ವಿಂಡೋಸ್ ಡಿಜಿಟಲ್ ಸಹಿ ಇರುವ ಡ್ರೈವರನ್ನು ಮಾತ್ರ ಒಳಗೆ ಬಿಡುತ್ತದೆ. ಫೈಲಿನಲ್ಲಿ ಒಂದು ಅಕ್ಷರ ಬದಲಾದರೂ ಸಹಿ ಮುರಿಯುತ್ತದೆ. ಎಫ್7 ಆ ಕಾವಲನ್ನು ಒಂದು ಸಲಕ್ಕೆ ಮಾತ್ರ ತೆಗೆಯುತ್ತದೆ. ರೀಸ್ಟಾರ್ಟ್ ಆದ ಕೂಡಲೇ ಕಾವಲು ವಾಪಸ್ ಬಂತು, ಡ್ರೈವರನ್ನು ಹೊರಗೆ ನಿಲ್ಲಿಸಿತು. ಅಂದರೆ ಅಂಗಡಿಯಿಂದ ಬಂದ ಫೈಲಿನೊಳಗೆ ಯಾರೋ ಕೈ ಹಾಕಿದ್ದಾರೆ. ಅದರಲ್ಲಿ ಇನ್ನೇನು ಇದೆಯೋ ನಿಮಗೂ ಕಾಣುವುದಿಲ್ಲ, ನನಗೂ ಕಾಣುವುದಿಲ್ಲ. ದಯವಿಟ್ಟು ಆ ಕಂಪ್ಯೂಟರಿನಲ್ಲಿ ಬ್ಯಾಂಕ್ ಕೆಲಸ ಮಾಡಬೇಡಿ.

ಈಗ ಒಂದೇ ಒಂದು ಪರೀಕ್ಷೆ. ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆಗೆಯಿರಿ. ಡೀಟೇಲ್ಸ್ ಟ್ಯಾಬಿಗೆ ಹೋಗಿ. ಪಟ್ಟಿಯಲ್ಲಿ ಹಾರ್ಡ್‌ವೇರ್ ಐಡಿಸ್ ಆರಿಸಿ. ಒಂದು ಉದ್ದನೆಯ ಸಾಲು ಬರುತ್ತದೆ. ಅದರಲ್ಲಿ ‘ವೆನ್’ ಆದಮೇಲಿನ ನಾಲ್ಕು ಅಕ್ಷರ ಕಂಪನಿಯ ಗುರುತು. 10ಡಿಇ ಎಂದರೆ ಎನ್‌ವಿಡಿಯಾ, 1002 ಎಂದರೆ ಎಎಂಡಿ, 8086 ಎಂದರೆ ಇಂಟೆಲ್. ‘ಡೆವ್’ ಆದಮೇಲಿನ ನಾಲ್ಕು ಅಕ್ಷರ ಚಿಪ್ಪಿನ ಗುರುತು. ಅದನ್ನು ಇಲ್ಲಿ ಬರೆಯಿರಿ. ನಿಜವಾದ ಡೆಸ್ಕ್‌ಟಾಪ್ 1050 ಟಿಐ ಆಗಿದ್ದರೆ 1ಸಿ82 ಇರಬೇಕು.

ವಿಜಯನಗರ 4ನೇ ಹಂತ | ಭಾನುವಾರ, ಬೆಳಿಗ್ಗೆ 10.10

ಮೇಷ್ಟ್ರೇ, ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಮಗಳ ಕಂಪ್ಯೂಟರಿನಲ್ಲಿ ಜಿಟಿ 710 ಇದೆ. ಹೊಸದಾಗಿಯೇ ಕೊಂಡಿದ್ದು, ಬಿಲ್ ಇದೆ. ಅದಕ್ಕೂ ಹೊಸ ಡ್ರೈವರ್ ಇದೇ ಮಾತು ಹೇಳುತ್ತದೆ. ಅದೂ ಮೋಸವಾ?

ರಿಪೇರಿ ಮೇಷ್ಟ್ರು, ಸರಸ್ವತಿಪುರಂ | ಭಾನುವಾರ, ಬೆಳಿಗ್ಗೆ 10.25

ಅಲ್ಲ, ನಿಶ್ಚಿಂತೆಯಾಗಿರಿ. ಜಿಟಿ 710 ಕೆಪ್ಲರ್ ಪೀಳಿಗೆಯದು. ಅಂಗಡಿಯಲ್ಲಿ ಹೊಸ ಡಬ್ಬದಲ್ಲಿ ಸಿಕ್ಕರೂ ಒಳಗಿನ ಚಿಪ್ ಹಳೆಯದು. ಕೆಪ್ಲರ್‌ಗೆ ಗೇಮ್ ರೆಡಿ ಡ್ರೈವರ್ 2021ರಲ್ಲಿ ನಿಂತಿತು. 470 ಸಾಲಿನದನ್ನು ಕಾರ್ಡಿನ ಹೆಸರು ಆರಿಸಿಯೇ ಇಳಿಸಿ, ಕೂರುತ್ತದೆ. ಮಗಳ ಓದಿಗೆ ಅದು ಸಾಕು.

ಮಂಡ್ಯ ಎಡಿಟರ್ | ಭಾನುವಾರ, ಬೆಳಿಗ್ಗೆ 11.15

ಮೇಷ್ಟ್ರೇ, ನೋಡಿದೆ. ವೆನ್ 10ಡಿಇ ಇದೆ. ಡೆವ್ 1244.

ಹಿಂದೆ ನೀಲಿ ವಿಜಿಎ ಕಿಂಡಿಯೂ ಇದೆ. ಈಗ ತಾನೇ ಟಾರ್ಚ್ ಬಿಟ್ಟು ನೋಡಿ ಬಂದೆ. ಕೈಕಾಲು ತಣ್ಣಗಾಗಿದೆ.

ರಿಪೇರಿ ಮೇಷ್ಟ್ರು, ಸರಸ್ವತಿಪುರಂ | ಭಾನುವಾರ, ಬೆಳಿಗ್ಗೆ 11.50

10ಡಿಇ, 1244 ಎಂದರೆ ಜಿಟಿಎಕ್ಸ್ 550 ಟಿಐ. 2011ರ ಕಾರ್ಡ್. ಫರ್ಮಿ ಪೀಳಿಗೆ, ಚಿಪ್ಪಿನ ಹೆಸರು ಜಿಎಫ್116. ನಿಮಗೆ ಹೇಳಿದ 1050 ಟಿಐನಲ್ಲಿ 768 ಕುಡಾ (CUDA) ಕೋರ್, ಅಂದರೆ ಲೆಕ್ಕ ಮಾಡುವ ಪುಟ್ಟ ಘಟಕಗಳು, ಇರುತ್ತವೆ, ಇದರಲ್ಲಿ 192. ಇದು 116 ವ್ಯಾಟ್ ಎಳೆಯುತ್ತದೆ, ಅದಕ್ಕೇ 6 ಪಿನ್ ಬೇಕು.

ಈ ಮೋಸ ಹೊಸದಲ್ಲ, ಒಂದೂರಿನದೂ ಅಲ್ಲ. ಹಳೇ ಕಾರ್ಡಿನ ಬಯಾಸ್, ಅಂದರೆ ಕಾರ್ಡ್ ತನ್ನ ಪರಿಚಯ ಹೇಳಿಕೊಳ್ಳುವ ಒಳಗಿನ ಪ್ರೋಗ್ರಾಂ, ತಿದ್ದಿ ಹೊಸ ಹೆಸರು, ಜಾಸ್ತಿ ಮೆಮೊರಿ ಬರೆದು, ಮೇಲೆ ಚೆಂದದ ಫ್ಯಾನ್ ಕೂರಿಸಿ ಮಾರುವುದು ಜಗತ್ತಿನ ತುಂಬಾ ನಡೆದಿದೆ. ಜಿಪಿಯು-ಝಡ್ ಎನ್ನುವ ಪುಟ್ಟ ಉಚಿತ ಪ್ರೋಗ್ರಾಂ ಇದೆ. ಇಂಥ ಕಾರ್ಡುಗಳು ಎಷ್ಟು ಹೆಚ್ಚಾದವು ಎಂದರೆ, ಹೆಸರಿನ ಮುಂದೆ ಫೇಕ್ ಎಂದು ತೋರಿಸುವ ವ್ಯವಸ್ಥೆಯನ್ನು 2018ರಲ್ಲಿ ಅದರಲ್ಲಿ ಸೇರಿಸಿದರು. ನೀವೂ ಓಡಿಸಿ ಸ್ಕ್ರೀನ್‌ಶಾಟ್ ತೆಗೆದಿಡಿ. ಅಂಗಡಿಯವರ ಮುಂದೆ ಬೇಕಾಗುತ್ತದೆ.

ಈಗ ಒಂದೊಂದಾಗಿ ಹಿಂದಿನದನ್ನು ನೋಡಿ. ಕಂಪನಿಯ ಡ್ರೈವರ್ ಹೊಂದುವ ಹಾರ್ಡ್‌ವೇರ್ ಸಿಗಲಿಲ್ಲ ಎಂದಿತು. ಅದು ಸುಳ್ಳು ಹೇಳಲಿಲ್ಲ. ಇನ್‌ಸ್ಟಾಲರ್ ಸ್ಟಿಕ್ಕರ್ ಓದುವುದಿಲ್ಲ, ಈ ನಾಲ್ಕು ಅಕ್ಷರವನ್ನು ತನ್ನ ಪಟ್ಟಿಯಲ್ಲಿ ಹುಡುಕುತ್ತದೆ. 580ರ ಪಟ್ಟಿಯಲ್ಲಿ 1244 ಇಲ್ಲ. ಅಂಗಡಿಯವರ ಫೈಲಿನಲ್ಲಿ 1244ರ ಎದುರಿಗೆ 1050 ಟಿಐ ಎಂದು ಬರೆದಿದ್ದಾರೆ, ಅದಕ್ಕೇ ಆ ಹೆಸರು ಕಂಡಿತು. ನಿಮ್ಮ ಹಾಟ್‌ಸ್ಪಾಟ್ ಮೀಟರ್ಡ್ ಆಗಿದ್ದರಿಂದ ವಿಂಡೋಸ್ ತಾನಾಗಿ ಡ್ರೈವರ್ ಇಳಿಸಲಿಲ್ಲ. ಇಳಿಸಿದ್ದರೆ ಮೊದಲ ದಿನವೇ 550 ಟಿಐ ಎಂಬ ಹೆಸರು ಬಯಲಾಗುವ ಸಾಧ್ಯತೆ ಇತ್ತು.

ಹಸಿರು ಚೌಕಗಳ ಕಥೆಯೂ ಇಲ್ಲೇ ಇದೆ. 550 ಟಿಐನಲ್ಲಿ ಸಾಮಾನ್ಯವಾಗಿ 1 ಜಿಬಿ ಮೆಮೊರಿ. ತಿದ್ದಿದ ಬಯಾಸ್ 4 ಜಿಬಿ ಇದೆ ಎಂದು ಹೇಳುತ್ತದೆ. ಎಡಿಟಿಂಗ್ ಸಾಫ್ಟ್‌ವೇರ್ ಅದನ್ನು ನಂಬಿ ತುಂಬಿಸುತ್ತಾ ಹೋಗುತ್ತದೆ. ಸಣ್ಣ ಕ್ಲಿಪ್ 1 ಜಿಬಿಯೊಳಗೆ ಮುಗಿಯುತ್ತದೆ, ತೊಂದರೆ ಇಲ್ಲ. ಎರಡು 4ಕೆ ಒಂದರ ಮೇಲೊಂದು ಬಂದಾಗ ಗಡಿ ದಾಟಿತು. ಇಲ್ಲದ ಜಾಗಕ್ಕೆ ಬರೆಯಲು ಹೋಯಿತು. ಒಂದು ಸೇರಿನ ಪಾತ್ರೆಗೆ ನಾಲ್ಕು ಸೇರು ಹಾಲು ಸುರಿದ ಹಾಗೆ. ಅದಕ್ಕೇ ಮೂರು ಸಲವೂ ಅದೇ ಶಾಟ್.

ಈಗ ಮಾಡಬೇಕಾದ್ದು ಹೇಳುತ್ತೇನೆ. ಕಾರ್ಡ್ ಬಿಚ್ಚಿಡಿ. ಮಾನಿಟರನ್ನು ಮದರ್‌ಬೋರ್ಡಿಗೆ ಹಾಕಿ. ಆ ಫೈಲ್ ಒಳಗೆ ಹೋಗಿರುವುದರಿಂದ ವಿಂಡೋಸನ್ನು ಇನ್ನೊಂದು ಸಲ ಹೊಸದಾಗಿ ಹಾಕುವುದು ಒಳ್ಳೆಯದು. ಬೇಜಾರಿನ ಕೆಲಸ, ಗೊತ್ತು. ಆದರೂ ಮಾಡಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಾಗಾಗಿ ಅದರ ಮೇಲೆ ಇಂಥ ಫೈಲನ್ನೂ ಇಟ್ಟುಕೊಳ್ಳುವುದು ಬೇಡ.

ಭಾನುವಾರದೊಳಗೆ ವಿಡಿಯೋ ಕೊಡಬೇಕಲ್ವಾ, ಅದಕ್ಕೆ ಪ್ರಾಕ್ಸಿ ಮಾಡಿಕೊಳ್ಳಿ. 4ಕೆ ಫೂಟೇಜಿಗೆ ಸಣ್ಣ ರೆಸಲ್ಯೂಶನ್ನಿನ ನಕಲು ಮಾಡಿ ಅದರ ಮೇಲೆ ಎಡಿಟ್ ಮಾಡುವುದು. ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ಸಾಫ್ಟ್‌ವೇರ್ ತಾನೇ ಮೂಲ ಫೂಟೇಜಿಗೆ ಹೋಗುತ್ತದೆ. ನಿಮ್ಮ ಐ5 6500ರ ಒಳಗಿನ ಎಚ್‌ಡಿ 530ಕ್ಕೂ ಅಷ್ಟು ಕೆಲಸ ಆಗುತ್ತದೆ. ಸಮಯ ಹಿಡಿಯುತ್ತದೆ, ಆದರೆ ನಿಲ್ಲುವುದಿಲ್ಲ. ರಾತ್ರಿ ಮಲಗುವಾಗ ಪ್ರಾಕ್ಸಿಗೆ ಹಾಕಿ ಮಲಗಿ.

ಪಾಂಡವಪುರದ ಗೇಮರ್ | ಭಾನುವಾರ, ಮಧ್ಯಾಹ್ನ 12.30

ಮೇಷ್ಟ್ರೇ, ಇವತ್ತು ನಾನು ಕಲಿತೆ. ಡಿಡಿಯು ಹೇಳುವ ಮುಂಚೆ ಐಡಿ ಕೇಳಬೇಕಿತ್ತು. ಒಂದು ಪ್ರಶ್ನೆ. 550 ಟಿಐಗೆ ಕಂಪನಿಯ ಡ್ರೈವರೇ ಇಲ್ಲವೇ?

ರಿಪೇರಿ ಮೇಷ್ಟ್ರು, ಸರಸ್ವತಿಪುರಂ | ಭಾನುವಾರ, ಮಧ್ಯಾಹ್ನ 12.45

ಇದೆ. ಫರ್ಮಿಗೆ 391.35 ಎನ್ನುವುದು ಕೊನೆಯದು, 2018ರದು. ವಿಂಡೋಸ್ 10ಕ್ಕೆ ಕೂರುತ್ತದೆ, ಸಹಿಯೂ ಸರಿ ಇರುತ್ತದೆ. ಮೂಲ ಬಯಾಸ್ ಇರುವ ಕಾರ್ಡಾಗಿದ್ದರೆ ಟೈಪಿಂಗ್, ಸಿನಿಮಾ ನೋಡುವುದಕ್ಕೆ ಆಗುತ್ತಿತ್ತು. ಮೆಮೊರಿಯ ಲೆಕ್ಕ ತಿದ್ದಿದ ಕಾರ್ಡಿನ ಮೇಲೆ ಮಾತ್ರ ಭರವಸೆ ಇಡಬೇಡಿ.

ಇನ್ನು ಡಿಡಿಯು ಹೇಳಿದ್ದು ತಪ್ಪಲ್ಲ. ಅಸಲಿ ಕಾರ್ಡಾಗಿದ್ದರೆ ಅದೇ ಸರಿಯಾದ ದಾರಿ.

ಉಬುಂಟು ಮೈಸೂರು | ಭಾನುವಾರ, ಮಧ್ಯಾಹ್ನ 1.30

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ನನ್ನದೊಂದು ಅಭ್ಯಾಸ ಹೇಳುತ್ತೇನೆ. ಉಬುಂಟು ಹಾಕಿದ ಪೆನ್ ಡ್ರೈವ್ ಜೇಬಿನಲ್ಲಿ ಇಟ್ಟುಕೊಂಡು ಅಂಗಡಿಗೆ ಹೋಗಿ. ಅಲ್ಲಿಯ ಸಿಸ್ಟಮ್ಮಿನಲ್ಲೇ ಕಾರ್ಡ್ ಹಾಕಿಸಿ, ಪೆನ್ ಡ್ರೈವಿನಿಂದ ಬೂಟ್ ಮಾಡಿ. ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಟರ್ಮಿನಲ್ ತೆಗೆದು ‘ಎಲ್‌ಎಸ್‌ಪಿಸಿಐ’, ಜಾಗ ಬಿಟ್ಟು ‘ಹೈಫನ್ ಎನ್‌ಎನ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಅದೇ ಐಡಿ ಅರ್ಧ ನಿಮಿಷದಲ್ಲಿ ಕಾಣುತ್ತದೆ. ಅವರ ವಿಂಡೋಸಿನಲ್ಲಿ ಮೊದಲೇ ತಿದ್ದಿದ ಡ್ರೈವರ್ ಹಾಕಿಟ್ಟಿದ್ದರೂ ಇಲ್ಲಿ ಅದು ನಡೆಯುವುದಿಲ್ಲ.

ಹಾಗೇ ಲಿನಕ್ಸಿನಲ್ಲಿ ಎನ್‌ವಿಡಿಯಾ ಡ್ರೈವರ್ ಹಾಕಿಯೂ ಕೆಲಸ ಮಾಡದಿದ್ದರೆ ಸೆಕ್ಯೂರ್ ಬೂಟ್, ಅಂದರೆ ಒಪ್ಪಿದ ಸಹಿ ಇಲ್ಲದ್ದನ್ನು ತಡೆಯುವ ಸೆಟ್ಟಿಂಗ್, ನೋಡಿ. ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ, ರೀಸ್ಟಾರ್ಟ್ ಆದಾಗ ನೀಲಿ ಪರದೆ ಬಂದು ಅದೇ ಪಾಸ್‌ವರ್ಡ್ ಕೇಳುತ್ತದೆ. ಎನ್‌ರೋಲ್ ಎನ್ನುವುದನ್ನು ಆರಿಸಬೇಕು. ತುಂಬಾ ಜನ ಗಾಬರಿಯಿಂದ ಅದನ್ನು ದಾಟಿಸಿಬಿಡುತ್ತಾರೆ, ಡ್ರೈವರ್ ಲೋಡ್ ಆಗುವುದೇ ಇಲ್ಲ.

ಕುವೆಂಪುನಗರ ವೈರಿಂಗ್ | ಭಾನುವಾರ, ಮಧ್ಯಾಹ್ನ 3.10

ಅಂಗಡಿಗೆ ಒಬ್ಬರೇ ಹೋಗಬೇಡಿ, ನಾನು ಬರುತ್ತೇನೆ. ಜಗಳ ಬೇಡ. ಸ್ಕ್ರೀನ್‌ಶಾಟ್ ತೋರಿಸಿ ಮಾತಾಡೋಣ. ಬಿಲ್ ಇದ್ದರೆ ತನ್ನಿ. ಒಪ್ಪದಿದ್ದರೆ 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆಮೇಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ.

ಶ್ರೀರಂಗಪಟ್ಟಣ ಸ್ಟುಡಿಯೋ | ಭಾನುವಾರ, ರಾತ್ರಿ 8.20

ಇಡೀ ಚರ್ಚೆ ಓದಿದೆ. ನಾನೂ ಇದೇ ಕಸುಬಿನವನು, ನಿಮ್ಮ ಸಂಕಟ ಗೊತ್ತಾಗುತ್ತದೆ. ನನ್ನ ಹತ್ತಿರ ಒಂದು 1050 ಟಿಐ ಇದೆ. 2017ರಲ್ಲಿ ಡಬ್ಬ ಒಡೆದು ನಾನೇ ಹಾಕಿದ್ದು, ಬಿಲ್ ಸಮೇತ ಇದೆ. ನಾನು ದೊಡ್ಡ ಕಾರ್ಡಿಗೆ ಹೋದಮೇಲೆ ಅದು ಬೀರುವಿನಲ್ಲೇ ಕೂತಿದೆ. ನಿಮ್ಮ ಸಿಪಿಯು ತಂದು ಇಲ್ಲೇ ಹಾಕಿ ನೋಡಿ. ಐಡಿ ನೋಡಿ, ಎರಡು ಗಂಟೆ ನಿಮ್ಮ ಫೂಟೇಜನ್ನೇ ಓಡಿಸಿ. ಸರಿ ಎನಿಸಿದರೆ ಮಾತ್ರ ತೆಗೆದುಕೊಂಡು ಹೋಗಿ. ಹಣ ಕಂತಿನಲ್ಲಿ ಕೊಟ್ಟರೂ ಆಯಿತು.

ಒಂದು ವಿಷಯ ನೆನಪಿರಲಿ. ಇದರಲ್ಲಿ ವಿಜಿಎ ಇಲ್ಲ. ನಿಮ್ಮ ಮಾನಿಟರಿಗೆ ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಕನ್ವರ್ಟರ್ ಬೇಕು, ಒಳಗೆ ಚಿಪ್ ಇರುವಂಥದ್ದು. ಡಿವಿಐಗೆ ಚುಚ್ಚುವ ಬರೀ ಪ್ಲಾಸ್ಟಿಕ್ ಅಡಾಪ್ಟರ್ ತರಬೇಡಿ. ಅದರ ಚಪ್ಪಟೆ ಪಿನ್ನಿನ ಸುತ್ತ ಇರುವ ನಾಲ್ಕು ಪಿನ್ ಅನಲಾಗಿನವು, ಡಿವಿಐ-ಡಿನಲ್ಲಿ ಅವಕ್ಕೆ ತೂತೇ ಇರುವುದಿಲ್ಲ. ಬಲವಂತ ಮಾಡಿದರೆ ಪಿನ್ ಬಾಗುತ್ತದೆ.

ಮಂಡ್ಯ ಎಡಿಟರ್ | ಮುಂದಿನ ಸೋಮವಾರ, ರಾತ್ರಿ 9.00

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ವಾರವೆಲ್ಲ ಕೆಲಸವೇ ಆಯಿತು. ಮೊದಲು ನಡೆದದ್ದನ್ನು ಹೇಳುತ್ತೇನೆ, ಮುಂದೆ ಯಾರಿಗಾದರೂ ಉಪಯೋಗ ಆಗಬಹುದು.

ಮಂಗಳವಾರ ಕುವೆಂಪುನಗರದ ಅಣ್ಣನ ಜೊತೆ ಅಂಗಡಿಗೆ ಹೋದೆ. ಜಿಪಿಯು-ಝಡ್ ಸ್ಕ್ರೀನ್‌ಶಾಟ್ ತೋರಿಸಿದೆ, ಫೇಕ್ ಎಂದು ಸ್ಪಷ್ಟವಾಗಿ ಇತ್ತು. ತಮಗೂ ಅದು ಲಾಟಿನಲ್ಲಿ ಬಂದದ್ದು, ಗೊತ್ತಿರಲಿಲ್ಲ ಎಂದರು. ಅಣ್ಣ ತಾಳ್ಮೆಯಿಂದ ಮಾತಾಡಿದರು. ಕೊನೆಗೆ 3,000 ರೂಪಾಯಿ ವಾಪಸ್ ಕೊಟ್ಟರು. ಕಾರ್ಡ್ ನೀವೇ ಇಟ್ಟುಕೊಳ್ಳಿ ಎಂದರು. ನಾನೂ ಅದನ್ನು ಬಿಟ್ಟು ಬರಲು ಇಷ್ಟಪಡಲಿಲ್ಲ. ಇನ್ನೊಬ್ಬರ ಕೈಗೆ ಹೋಗುವುದು ಬೇಡ ಎನಿಸಿತು.

ವಿಡಿಯೋ ಪ್ರಾಕ್ಸಿಯಲ್ಲೇ ಮುಗಿಸಿದೆ. ಶುಕ್ರವಾರ ರಾತ್ರಿ ಎಕ್ಸ್‌ಪೋರ್ಟಿಗೆ ಹಾಕಿದ್ದು ಶನಿವಾರ ಬೆಳಿಗ್ಗೆ ಮುಗಿದಿತ್ತು. ಮಧ್ಯೆ ಕರೆಂಟ್ ಒಂದು ಸಲ ಹೋಯಿತು, ಯುಪಿಎಸ್ ಹಿಡಿದುಕೊಂಡಿತು. ಭಾನುವಾರ ಬೆಳಿಗ್ಗೆ ಹೆಣ್ಣಿನ ಮನೆಗೆ ಕೊಟ್ಟು ಬಂದೆ. ಮೇಷ್ಟ್ರೇ, ನೀವು ಹೇಳದಿದ್ದರೆ ಆ ಮಾತು ಉಳಿಯುತ್ತಿರಲಿಲ್ಲ.

ಇವತ್ತು ಸಿಪಿಯುಗೆ ಬೆಡ್‌ಶೀಟ್ ಸುತ್ತಿ, ಸ್ಕೂಟರಿನಲ್ಲಿ ಕಾಲ ಮಧ್ಯೆ ಇಟ್ಟುಕೊಂಡು ಶ್ರೀರಂಗಪಟ್ಟಣಕ್ಕೆ ಹೋಗಿದ್ದೆ. ಅವರ ಕಾರ್ಡ್ ಹಾಕಿದೆವು. 6 ಪಿನ್ ವೈರೇ ಬೇಕಾಗಲಿಲ್ಲ. ಡ್ರೈವರ್ ಹಾಕುವ ಮುಂಚೆಯೇ ಡೀಟೇಲ್ಸ್ ಟ್ಯಾಬ್ ತೆಗೆದೆ. 10ಡಿಇ, 1ಸಿ82. ಎರಡು ಸಲ ಓದಿದೆ. ಆಮೇಲೆ 580 ಸಾಲಿನ ಡ್ರೈವರ್ ಓಡಿಸಿದೆ. ಈ ಸಲ ಯಾವ ತಕರಾರೂ ಇಲ್ಲ. ಪರದೆ ಎರಡು ಸಲ ಕಪ್ಪಾಗಿ ಬಂತು, ಮೊದಲ ಸಲ ಎದೆ ಧಸಕ್ಕೆಂದಿತು. ಹಾಗೆ ಆಗುವುದು ಮಾಮೂಲು, ಡ್ರೈವರ್ ಬದಲಾಗುವಾಗ ಪರದೆ ಹೋಗಿ ಬರುತ್ತದೆ ಎಂದು ಅವರು ಹೇಳಿದರು. ರೀಸ್ಟಾರ್ಟ್ ಮಾಡಿದೆ. ಮತ್ತೆ ಮಾಡಿದೆ. ಹಳದಿ ತ್ರಿಕೋನ ಬರಲಿಲ್ಲ.

ಆಮೇಲೆ ಅದೇ ಧಾರೆಯ ಟೈಮ್‌ಲೈನನ್ನು ಪ್ರಾಕ್ಸಿ ಇಲ್ಲದೆ ತೆರೆದೆ. ಎರಡೂ ಕ್ಯಾಮೆರಾ, ಪೂರ್ತಿ 4ಕೆ. ಅಂತರಪಟ ಸರಿಯಿತು, ಜೀರಿಗೆ ಬೆಲ್ಲ ಬಿತ್ತು, ಹುಡುಗಿ ನಕ್ಕಳು. ಒಂದು ಚೌಕವೂ ಇಲ್ಲ. ಸ್ಟುಡಿಯೋದವರ ತಾಯಿ ಕಾಫಿ ತಂದವರು ಅಲ್ಲೇ ನಿಂತು ಪೂರ್ತಿ ನೋಡಿದರು.

ಹಳೇ ಕಾರ್ಡ್ ಈಗ ನನ್ನ ಕಪಾಟಿನಲ್ಲಿದೆ. ಸ್ಟಿಕ್ಕರ್ ಕಿತ್ತು, ಫ್ಯಾನಿನ ಪಕ್ಕ ಮಾರ್ಕರಿನಲ್ಲಿ ದಪ್ಪಗೆ ‘550 ಟಿಐ, 2011, 1 ಜಿಬಿ’ ಎಂದು ಬರೆದಿಟ್ಟಿದ್ದೇನೆ.